ನೆರೆ ಬರುವ ಕರಾವಳಿ ನಗರ, ಪಕ್ಕದಲ್ಲೇ ಅಪಾಯಕಾರಿ ತ್ಯಾಜ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಖಾನೆಯ ವಿಷತ್ಯಾಜ್ಯ ಹೂತಿಟ್ಟ ಅಥವಾ ಕೂಡಿಟ್ಟ ಜಾಗದ ಆಸುಪಾಸಿನಲ್ಲಿ, ಅದರಲ್ಲೂ ಮಳೆನೀರು ಮತ್ತು ಕಡಲ ಉಬ್ಬರ ಒಟ್ಟಿಗೆ ನುಗ್ಗುವ ಊರಿನಲ್ಲಿ ಮನೆ ಮಾಡಿಕೊಂಡವರಿಗಾಗಿ ಈ ಪುಟ. ಬಹಳಷ್ಟು ಜನ ಮೊದಲು ಕೇಳುವುದು ಗಾಳಿ ಮತ್ತು ವಾಸನೆಯ ಬಗ್ಗೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ನೀರು ಇಳಿದ ಮೇಲೆ ಅಂಗಳದಲ್ಲಿ ಉಳಿಯುವ ಕೆಸರು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಕೆಸರಿನ ಮಾತು ಮತ್ತೆ ಮತ್ತೆ ಬರುತ್ತದೆ.

ಅಪಾಯಕಾರಿ ತ್ಯಾಜ್ಯದ ಜಾಗ ಎಂದರೆ ಯಾವುದು? ಊರಿನ ಕಸದ ರಾಶಿಯೂ ಅದೇ ಅಲ್ಲವೇ?

ಎರಡೂ ಒಂದೇ ಅಲ್ಲ, ಆದರೆ ನಡುವಿನ ಗೆರೆ ಅಷ್ಟು ಸ್ಪಷ್ಟವೂ ಅಲ್ಲ. ವಿಷಕಾರಿಯಾದದ್ದು, ಸುಲಭವಾಗಿ ಹೊತ್ತಿಕೊಳ್ಳುವುದು, ಮುಟ್ಟಿದ್ದನ್ನು ತಿನ್ನುವ ಆಮ್ಲ ಅಥವಾ ಕ್ಷಾರ, ನೀರು ತಾಗಿದರೆ ಸಿಡಿಯುವಂಥದ್ದು, ಇಂಥ ಗುಣವಿರುವ ತ್ಯಾಜ್ಯವನ್ನು ಅಪಾಯಕಾರಿ ಎಂದು ಕಾನೂನು ಗುರುತಿಸುತ್ತದೆ. ಅದಕ್ಕೆಂದೇ ಕಟ್ಟಿದ ಗುಂಡಿಗೆ ಅಡಿಯಲ್ಲಿ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಸು, ಮೇಲೆ ಹೊದಿಕೆ, ಒಳಗೆ ಸೋರಿ ಬರುವ ಲೀಚೇಟ್ ಎಂಬ ಕೊಳಕು ನೀರನ್ನು ಹೊರತೆಗೆಯುವ ಕೊಳವೆಗಳಿರಬೇಕು. ಇಂಥ ಹೊಸ ಜಾಗಗಳಿಗಿಂತ ಹಳೆಯ ಜಾಗಗಳೇ ಹೆಚ್ಚು ಕಾಡುತ್ತವೆ. ಮುಚ್ಚಿಹೋದ ಚರ್ಮ ಹದಮಾಡುವ ಘಟಕ, ಬಣ್ಣದ ಕಾರ್ಖಾನೆ, ಕೀಟನಾಶಕದ ಗೋದಾಮು, ಬ್ಯಾಟರಿ ಒಡೆಯುತ್ತಿದ್ದ ಶೆಡ್ಡು, ಹಡಗು ದುರಸ್ತಿಯ ಅಂಗಳ. ಇವುಗಳ ಅಡಿಯಲ್ಲಿ ಹಾಸೂ ಇರುವುದಿಲ್ಲ, ಎಷ್ಟೋ ಕಡೆ ದಾಖಲೆಯೂ ಇರುವುದಿಲ್ಲ.

ಜಾಗಕ್ಕೆ ಬೇಲಿ ಇದೆ, ಮೇಲೆ ಹೊದಿಕೆಯೂ ಇದೆ. ನೆರೆ ಬಂದರೆ ಏನಾಗಿಬಿಡುತ್ತದೆ?

ಹೊದಿಕೆ ಇರುವುದು ಮೇಲಿನಿಂದ ಬೀಳುವ ಮಳೆಯನ್ನು ತಡೆಯಲು. ಪಕ್ಕದಿಂದ ರಭಸವಾಗಿ ಹರಿದು ಬರುವ ನೀರು ಅದರ ಅಂಚನ್ನು ಕೊರೆಯುತ್ತದೆ. ಅಡಿಯಿಂದ ಏರುವ ಅಂತರ್ಜಲ ಪ್ಲಾಸ್ಟಿಕ್ ಹಾಸನ್ನೇ ಮೇಲಕ್ಕೆ ಎತ್ತಬಲ್ಲದು. ವಿದ್ಯುತ್ ಹೋದರೆ ಲೀಚೇಟ್ ಎತ್ತುವ ಪಂಪ್ ನಿಲ್ಲುತ್ತದೆ. ಬಯಲಲ್ಲಿ ತೆರೆದಿಟ್ಟ ಕೊಳಗಳಾದರೆ ತುಂಬಿ ಹರಿಯುತ್ತವೆ.

ಅಮೆರಿಕದ ಹ್ಯೂಸ್ಟನ್ ಬಳಿಯ ಸ್ಯಾನ್ ಜಸಿಂಟೊ ನದಿಯ ತ್ಯಾಜ್ಯ ಗುಂಡಿಗಳಲ್ಲಿ ಆದದ್ದನ್ನು ನೋಡಿ. 1960ರ ದಶಕದಲ್ಲಿ ಕಾಗದದ ಕಾರ್ಖಾನೆಯ ತ್ಯಾಜ್ಯವನ್ನು ಅಲ್ಲಿ ನದಿಯಂಚಿಗೆ ಸುರಿದರು. ಅದರಲ್ಲಿದ್ದುದು ಡಯಾಕ್ಸಿನ್ ಎಂಬ, ಬಹುಕಾಲ ಉಳಿಯುವ ವಿಷರಾಸಾಯನಿಕ. ನೆಲ ಕುಸಿಯುತ್ತಾ ಬಂದು ಗುಂಡಿಗಳ ಒಂದು ಭಾಗ ನೀರಿನೊಳಗೇ ಸೇರಿತು. 2011ರಲ್ಲಿ ತಾತ್ಕಾಲಿಕವಾಗಿ ಬಟ್ಟೆಯಂಥ ಹಾಸು ಮತ್ತು ಕಲ್ಲುಗಳ ಹೊದಿಕೆ ಹಾಕಿದರು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತದ ನೆರೆ ಆ ಹೊದಿಕೆಯ ಭಾಗಗಳನ್ನು ಕಿತ್ತಿತು. ಬಳಿಕ ತೆಗೆದ ಒಂದು ಮಾದರಿಯಲ್ಲಿ ಕಿಲೋಗೆ 70,000 ನ್ಯಾನೋಗ್ರಾಂಗಿಂತ ಹೆಚ್ಚು ಡಯಾಕ್ಸಿನ್ ಸಿಕ್ಕಿತು. ಆ ಜಾಗಕ್ಕೆ ಗೊತ್ತುಮಾಡಿದ್ದ ಶುದ್ಧೀಕರಣದ ಮಟ್ಟ 30. ಅದೇ ಅಕ್ಟೋಬರ್‌ನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಸುಮಾರು 1.6 ಲಕ್ಷ ಘನ ಮೀಟರ್ ತ್ಯಾಜ್ಯವನ್ನು ಅಗೆದು ಸಾಗಿಸುವ ನಿರ್ಧಾರ ಪ್ರಕಟಿಸಿತು. ನದಿಯ ದಡದಲ್ಲಿ ವಿಷವನ್ನು ಇಟ್ಟು ಮೇಲೆ ಕಲ್ಲು ಹೇರುವುದು ಶಾಶ್ವತ ಪರಿಹಾರವಾಗಲಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ.

ಇದು ಎಲ್ಲೋ ಒಂದು ಕಡೆ ಆದ ವಿಚಿತ್ರ ಘಟನೆಯೂ ಅಲ್ಲ. ಅಮೆರಿಕದ ಸರ್ಕಾರಿ ಲೆಕ್ಕ ಪರಿಶೋಧನಾ ಕಚೇರಿ 2019ರಲ್ಲಿ ವರದಿ ಮಾಡಿದಂತೆ, ಆ ದೇಶದಲ್ಲಿ ಮೊದಲು ಶುದ್ಧಗೊಳಿಸಬೇಕೆಂದು ಗುರುತಿಸಿದ ಆದ್ಯತಾ ಪಟ್ಟಿಯಲ್ಲಿರುವ ಕೇಂದ್ರ ಸರ್ಕಾರದ್ದಲ್ಲದ ವಿಷಜಾಗಗಳಲ್ಲಿ ಶೇ 60ರಷ್ಟು ನೆರೆ, ಉಬ್ಬರ, ಕಾಡ್ಗಿಚ್ಚು ಅಥವಾ ಸಮುದ್ರಮಟ್ಟ ಏರಿಕೆಗೆ ಸಿಲುಕಬಹುದಾದ ಪ್ರದೇಶಗಳಲ್ಲೇ ಇವೆ.

ನಮ್ಮ ಮನೆ ಎರಡು ಕಿಲೋಮೀಟರ್ ದೂರದಲ್ಲಿದೆ. ಅಷ್ಟು ಸಾಲದೇ?

ದೂರಕ್ಕಿಂತ ಮುಖ್ಯವಾದದ್ದು ನೀರಿನ ದಾರಿ. ತಗ್ಗಿನಲ್ಲಿರುವ ಎರಡು ಕಿಲೋಮೀಟರ್ ದೂರದ ಮನೆಗೆ, ದಿಬ್ಬದ ಮೇಲಿನ ಇನ್ನೂರು ಮೀಟರ್ ದೂರದ ಮನೆಗಿಂತ ಹೆಚ್ಚು ಅಪಾಯವಿರಬಹುದು. ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ನೀರು ಯಾವಾಗಲೂ ಕಡಲ ಕಡೆಗೇ ಹರಿಯುತ್ತದೆ ಎಂದುಕೊಳ್ಳುವಂತಿಲ್ಲ. ಉಬ್ಬರದ ಹೊತ್ತಿಗೆ, ಚಂಡಮಾರುತದ ಹೊತ್ತಿಗಂತೂ ಇನ್ನೂ ಹೆಚ್ಚಾಗಿ, ಹೊಳೆಯೂ ಚರಂಡಿಯೂ ಹಿಮ್ಮುಖವಾಗಿ ಹರಿಯುತ್ತವೆ. ಆಗ ಜಾಗಕ್ಕಿಂತ ಮೇಲ್ಭಾಗದಲ್ಲಿರುವವರಿಗೂ ಕೆಸರು ತಲುಪುತ್ತದೆ.

2005ರಲ್ಲಿ ಕತ್ರಿನಾ ಚಂಡಮಾರುತದ ನೆರೆ ನ್ಯೂ ಆರ್ಲಿಯನ್ಸ್ ಪಕ್ಕದ ಒಂದು ತೈಲ ಸಂಸ್ಕರಣಾಗಾರದ ಟ್ಯಾಂಕನ್ನು ನೆಲೆಯಿಂದ ಎಬ್ಬಿಸಿತು. ಸುಮಾರು 40 ಲಕ್ಷ ಲೀಟರ್ ಕಚ್ಚಾತೈಲ ಹೊರಬಂದು ಸುಮಾರು 1,800 ಮನೆಗಳಿಗೆ ಮೆತ್ತಿಕೊಂಡಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಹೊತ್ತಿಗೆ ಚೆನ್ನೈನ ಎಣ್ಣೂರಿನಲ್ಲಿ ನೆರೆನೀರಿನೊಂದಿಗೆ ತೈಲ ಬೆರೆತು ಅಳಿವೆಯವರೆಗೆ ಹರಡಿತು. ಮೀನುಗಾರರ ದೋಣಿ, ಬಲೆ, ಮನೆಗೋಡೆಗಳೆಲ್ಲ ಕಪ್ಪಾದವು. ಎರಡೂ ಕಡೆ ಎಣ್ಣೆ ಸಾಗಿದ್ದು ನೀರು ನಡೆದ ದಾರಿಯಲ್ಲೇ. ನಿಮ್ಮ ಬೀದಿಯ ಹಿರಿಯರನ್ನು ಕೇಳಿ: ಹಿಂದಿನ ನೆರೆಯಲ್ಲಿ ನೀರು ಯಾವ ಕಡೆಯಿಂದ ಬಂತು, ಎಲ್ಲಿ ನಿಂತಿತು, ಎಷ್ಟು ದಿನ ನಿಂತಿತು? ಆ ಉತ್ತರಗಳು ಎಷ್ಟೋ ನಕ್ಷೆಗಳಿಗಿಂತ ಹೆಚ್ಚು ನೆರವಾಗುತ್ತವೆ.

ನೆರೆಯೇ ಬಾರದ ವರ್ಷಗಳಲ್ಲಿ ಚಿಂತೆಯಿಲ್ಲ, ಅಲ್ಲವೇ?

ಹಾಗೆನ್ನಲಾಗದು. ಸಮುದ್ರಮಟ್ಟ ಏರಿದಂತೆ ಕರಾವಳಿಯ ಅಂತರ್ಜಲವೂ ಮೆಲ್ಲಗೆ ಮೇಲೇರುತ್ತದೆ. ಒಣಗಿದ್ದ ತ್ಯಾಜ್ಯದ ಪದರ ನೆನೆಯುತ್ತದೆ. ಉಪ್ಪುನೀರು ಒಳನುಗ್ಗಿದರೆ ಮಣ್ಣಿನ ಕಣಗಳಿಗೆ ಅಂಟಿಕೊಂಡಿದ್ದ ಕ್ಯಾಡ್ಮಿಯಂನಂಥ ಲೋಹಗಳು ಕ್ಲೋರೈಡ್‌ನೊಂದಿಗೆ ಸೇರಿ ಕರಗಿ ಚಲಿಸತೊಡಗುತ್ತವೆ. ಬೆನ್ಜೀನ್, ಟ್ರೈಕ್ಲೋರೋಎಥಿಲೀನ್ ಮುಂತಾದ ಆವಿಯಾಗುವ ರಾಸಾಯನಿಕಗಳು ಅಂತರ್ಜಲದಿಂದ ಮೇಲೆದ್ದು ನೆಲದ ಬಿರುಕು, ಕೊಳವೆ ಹಾಯ್ದ ತೂತುಗಳ ಮೂಲಕ ಮನೆಯೊಳಗೆ ಸೇರಬಲ್ಲವು. ನೆಲಮಾಳಿಗೆ ಇರುವ ಮನೆಗಳಲ್ಲಿ ಇದರ ಪರೀಕ್ಷೆ ಮಾಡಿಸಲೇಬೇಕು.

ಅಮೆರಿಕದ ಲವ್ ಕೆನಾಲ್ ಕರಾವಳಿಯಲ್ಲಿಲ್ಲ, ಆದರೂ ನೆನಪಿಡಬೇಕಾದ ಹೆಸರು. 1942ರಿಂದ 1953ರವರೆಗೆ ಸುಮಾರು 21,800 ಟನ್ ರಾಸಾಯನಿಕ ತ್ಯಾಜ್ಯವನ್ನು ಹಳೆಯ ಕಾಲುವೆಯೊಂದರಲ್ಲಿ ಹೂತು, ಮೇಲೆ ಮಣ್ಣು ಮುಚ್ಚಿ, ಅಲ್ಲೇ ಶಾಲೆ ಕಟ್ಟಿದರು, ಸುತ್ತ ಮನೆಗಳು ಎದ್ದವು. 1970ರ ದಶಕದಲ್ಲಿ ಭಾರೀ ಮಳೆ, ಹಿಮ ಬಿದ್ದು ಅಂತರ್ಜಲ ಏರಿದಾಗ ಆ ರಾಸಾಯನಿಕಗಳು ನೆಲಮಾಳಿಗೆಗಳಿಗೆ ಜಿನುಗಿದವು. 1978ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು.

ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ಹೆದರಬೇಕೇ?

ಆರ್ಸೆನಿಕ್‌ಗೆ, ಸೀಸಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೆನ್ಜೀನ್ ಮೂಗಿಗೆ ತಿಳಿಯುವ ಹೊತ್ತಿಗೆ ದಿನವಿಡೀ ಉಸಿರಾಡಬಾರದ ಮಟ್ಟವನ್ನು ದಾಟಿರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಅಪಾಯಕರ: ಅದರ ಪ್ರಮಾಣ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮುಟ್ಟಿದರೆ ಮೂಗು ಸೋತು ವಾಸನೆಯೇ ನಿಲ್ಲುತ್ತದೆ. ವಾಸನೆ ಹೋಯಿತೆಂದು ಯಾರೂ ಗುಂಡಿಗೆ, ಮ್ಯಾನ್‌ಹೋಲ್‌ಗೆ ಇಳಿಯಬೇಡಿ.

ಬಾವಿ ನೀರನ್ನು ಕುದಿಸಿ ಕುಡಿದರೆ ಆಗುವುದಿಲ್ಲವೇ?

ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಲೋಹಗಳು ಅಲ್ಲೇ ಉಳಿಯುತ್ತವೆ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಏರುತ್ತದೆ. ಕ್ಲೋರಿನ್ ಹಾಕಿದರೂ ಲೋಹಗಳ ವಿಷಯದಲ್ಲಿ ಪ್ರಯೋಜನವಿಲ್ಲ. ಆರ್‌ಒ ಯಂತ್ರ ಸೀಸ, ಆರ್ಸೆನಿಕ್‌ಗಳನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ, ಆದರೆ ಆವಿಯಾಗುವ ರಾಸಾಯನಿಕಗಳಿಗೆ ಅದೊಂದನ್ನೇ ನಂಬುವಂತಿಲ್ಲ, ಇದ್ದಿಲಿನ ಫಿಲ್ಟರ್ ಕೂಡ ಬೇಕು. ಯಾವ ಫಿಲ್ಟರ್ ಬೇಕೆಂಬುದು ನೀರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಖರೀದಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ಕೊಟ್ಟಿರುವ ಮಾರ್ಗದರ್ಶಿ ಮಟ್ಟ ಲೀಟರ್‌ಗೆ 10 ಮೈಕ್ರೋಗ್ರಾಂ. ನೆರೆನೀರು ಬಾವಿಯ ಕಟ್ಟೆ ದಾಟಿದ್ದರೆ, ಫಲಿತಾಂಶ ಬರುವವರೆಗೆ ಹೊರಗಿನಿಂದ ತಂದ ನೀರನ್ನೇ ಕುಡಿಯಿರಿ, ಅಡುಗೆಗೂ ಅದನ್ನೇ ಬಳಸಿ.

ನೆರೆಯ ಮುನ್ನೆಚ್ಚರಿಕೆ ಬಂದಿದೆ. ಈಗ ಏನು ಮಾಡಲಿ?

ಹೊರಡಿ ಎಂದರೆ ಬೇಗ ಹೊರಡಿ. ವಿಷಜಾಗದ ಪಕ್ಕದಲ್ಲಿರುವವರು ಕಡೆಗಳಿಗೆಯವರೆಗೆ ಕಾಯಬಾರದು, ಯಾಕೆಂದರೆ ಅಲ್ಲಿ ನೀರಿನ ಜೊತೆ ಬೆಂಕಿಯೂ ಬರಬಹುದು. ಹಾರ್ವೆ ನೆರೆಯಲ್ಲೇ, ಹ್ಯೂಸ್ಟನ್ ಸಮೀಪದ ಕ್ರಾಸ್ಬಿಯ ರಾಸಾಯನಿಕ ಘಟಕವೊಂದರಲ್ಲಿ ವಿದ್ಯುತ್ ಹೋಗಿ ತಂಪಿನ ವ್ಯವಸ್ಥೆ ನಿಂತಿತು. ಸದಾ ತಣ್ಣಗಿಡಬೇಕಾದ ಸಾವಯವ ಪೆರಾಕ್ಸೈಡ್‌ಗಳು ಬಿಸಿಯೇರಿ ಆಗಸ್ಟ್ 31ರಂದು ತಾವಾಗಿಯೇ ಹೊತ್ತಿಕೊಂಡವು. ಸುತ್ತಲಿನ ಒಂದೂವರೆ ಮೈಲಿ ವ್ಯಾಪ್ತಿಯ ಜನರನ್ನು ತೆರವು ಮಾಡಬೇಕಾಯಿತು.

ಹೊರಡುವ ಮೊದಲು ಸಮಯವಿದ್ದರೆ ಎರಡು ಕೆಲಸ ಮಾಡಿ. ಮನೆಯಲ್ಲಿರುವ ಕೀಟನಾಶಕ, ಪೇಂಟ್, ತಿನ್ನರ್, ಹಳೆಯ ಬ್ಯಾಟರಿಗಳನ್ನು ಎತ್ತರದ ಕಪಾಟಿಗೆ ಸೇರಿಸಿ. ಅಂಗಳ, ಬಾವಿ, ಗೋಡೆಗಳ ಫೋಟೋ ತೆಗೆದಿಡಿ, ದಿನಾಂಕ ಕಾಣುವಂತಿರಲಿ. ನೆರೆಗೆ ಮೊದಲು ನೆಲ ಹೇಗಿತ್ತೆಂಬುದಕ್ಕೆ ಮುಂದೆ ನಿಮ್ಮ ಬಳಿ ಇರುವ ಸಾಕ್ಷಿ ಬಹುಶಃ ಅದೊಂದೇ.

ನೀರು ಇಳಿದಿದೆ. ಮನೆ ತೊಳೆಯಲು ಹೋಗಬಹುದೇ?

ಅಧಿಕಾರಿಗಳು ಬಿಟ್ಟ ಮೇಲೆ ಹೋಗಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೆಲಸಕ್ಕೆ ಕರೆದೊಯ್ಯಬೇಡಿ.

ಕೆಸರು ಒದ್ದೆಯಾಗಿರುವಾಗಲೇ ತೆಗೆಯಬೇಕು. ಇಡೀ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಡಯಾಕ್ಸಿನ್, ಪಿಸಿಬಿ (ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿದ್ದ ವಿಷರಾಸಾಯನಿಕ), ಸೀಸ ಇವು ನೀರಿನಲ್ಲಿ ಕರಗಿ ಹರಿದುಹೋಗುವುದಕ್ಕಿಂತ ನುಣುಪಾದ ಹೂಳಿನ ಕಣಗಳಿಗೆ ಅಂಟಿಕೊಳ್ಳುವುದೇ ಹೆಚ್ಚು. ನೀರು ಹೋದಮೇಲೂ ಹೂಳು ಉಳಿಯುತ್ತದೆ. ಬಿಸಿಲಿಗೆ ಒಣಗಿ ಪುಡಿಯಾದರೆ ಗಾಳಿಯಲ್ಲೇಳುತ್ತದೆ, ಉಸಿರಿಗೆ ಸೇರುತ್ತದೆ, ಕಿಟಕಿ ಪರದೆ, ಹಾಸಿಗೆ, ಅಕ್ಕಿಯ ಡಬ್ಬದವರೆಗೆ ಹೋಗುತ್ತದೆ. ಒಣ ಪೊರಕೆಯಿಂದ ಗುಡಿಸಬೇಡಿ. ಒಣಗಿಬಿಟ್ಟಿದ್ದರೆ ನೀರು ಚಿಮುಕಿಸಿ, ಸಲಿಕೆಯಿಂದ ಎತ್ತಿ, ದಪ್ಪ ಚೀಲಕ್ಕೆ ತುಂಬಿ.

ರಬ್ಬರ್ ಬೂಟು, ನೀರು ಒಳಹೋಗದ ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಎನ್95 ಮುಖಗವಸು ಧೂಳನ್ನು ತಡೆಯುತ್ತದೆ, ರಾಸಾಯನಿಕದ ಆವಿಯನ್ನು ತಡೆಯುವುದಿಲ್ಲ. ಪೆಟ್ರೋಲ್ ಅಥವಾ ತಿನ್ನರ್‌ನಂಥ ವಾಸನೆ ಬಂದರೆ, ತಲೆ ಸುತ್ತಿದರೆ ಕೆಲಸ ಬಿಟ್ಟು ಹೊರಬನ್ನಿ. ಬಾಗಿಲು ಕಿಟಕಿ ತೆರೆದಿಡಿ. ಜನರೇಟರನ್ನು ಮನೆಯೊಳಗೆ, ಜಗುಲಿಯಲ್ಲಿ ಕೂಡ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ನೆರೆಯ ನಂತರದ ದಿನಗಳಲ್ಲಿ ಜೀವ ತೆಗೆಯುವ ಅನಿಲ.

ಗಟ್ಟಿ ನೆಲ, ಗಾಜು, ಪಾತ್ರೆಗಳನ್ನು ಸೋಪಿನ ನೀರಿನಲ್ಲಿ ತೊಳೆದು ಉಳಿಸಿಕೊಳ್ಳಬಹುದು. ಕೆಸರು ಕುಡಿದ ಹಾಸಿಗೆ, ಸೋಫಾ, ಕಾರ್ಪೆಟ್ ಎಷ್ಟೇ ಪ್ರಿಯವಾದರೂ ಬಿಟ್ಟುಬಿಡಿ. ಬ್ಲೀಚಿಂಗ್ ದ್ರಾವಣ ಬೂಷ್ಟನ್ನೂ ರೋಗಾಣುವನ್ನೂ ಕೊಲ್ಲುತ್ತದೆ, ಸೀಸವನ್ನು ಏನೂ ಮಾಡಲಾರದು. ಬ್ಲೀಚಿಂಗ್ ದ್ರಾವಣವನ್ನು ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಯಾವುದೋ ಡ್ರಮ್ಮು, ಕ್ಯಾನು ತೇಲಿಬಂದು ಅಂಗಳದಲ್ಲಿ ಬಿದ್ದಿದ್ದರೆ ಮುಟ್ಟಬೇಡಿ, ಮುಚ್ಚಳ ತೆಗೆದು ನೋಡಬೇಡಿ, ಅಗ್ನಿಶಾಮಕ ದಳಕ್ಕೆ ತಿಳಿಸಿ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಬೂಟನ್ನು ಮನೆಯ ಹೊರಗೇ ಬಿಡಿ.

ಎಲ್ಲವನ್ನೂ ತೊಳೆದುಬಿಡುವ ಆತುರದಲ್ಲಿ ಒಂದು ಕೆಲಸ ತಪ್ಪುತ್ತದೆ: ಮಾದರಿ ಎತ್ತಿಡುವುದು. ಕೆಸರು ತೆಗೆಯುವ ಮುನ್ನ ಪ್ರಯೋಗಾಲಯಕ್ಕೆ ಕರೆ ಮಾಡಿ, ಯಾವ ಡಬ್ಬಿಯಲ್ಲಿ, ಎಷ್ಟು, ಹೇಗೆ ತಂಪಾಗಿ ಇಡಬೇಕೆಂದು ಕೇಳಿ. ಎತ್ತಿದ ಜಾಗ, ದಿನ, ಹೊತ್ತು ಬರೆದಿಡಿ. ಗೋಡೆಯ ಮೇಲಿನ ನೀರಿನ ಗುರುತನ್ನು ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ.

ಮಕ್ಕಳ ಬಗ್ಗೆ ಯಾಕೆ ಇಷ್ಟು ಒತ್ತಿ ಹೇಳುತ್ತೀರಿ?

ಮಗು ನೆಲದಲ್ಲಿ ಆಡುತ್ತದೆ, ಕೈಯನ್ನು ಬಾಯಿಗಿಡುತ್ತದೆ, ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ, ನೀರು, ಆಹಾರ ಒಳಗೆಳೆದುಕೊಳ್ಳುತ್ತದೆ. ಮಕ್ಕಳ ಮಟ್ಟಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದು ತಿಳಿದೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ರಕ್ತದಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಅನ್ನು ಗಮನ ಹರಿಸಬೇಕಾದ ಮಟ್ಟವಾಗಿ ಇಟ್ಟುಕೊಂಡಿದೆ. ಆ ಅಂಕಿಗಿಂತ ಕೆಳಗಿದ್ದರೆ ಸುರಕ್ಷಿತ ಎಂದು ಅರ್ಥವಲ್ಲ. ಊಟಕ್ಕೆ ಮುಂಚೆ ಕೈತೊಳೆಸುವುದು, ಚಪ್ಪಲಿ ಹೊರಗೆ ಬಿಡುವುದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಅಂಗಳದ ಬರಿಮಣ್ಣಿನ ಮೇಲೆ ಹೊರಗಿನ ಶುದ್ಧ ಮಣ್ಣು ಹಾಕಿ ಹುಲ್ಲು ಬೆಳೆಸುವುದು ಸಣ್ಣ ಕೆಲಸಗಳೆನಿಸಬಹುದು, ಆದರೆ ಮಗುವಿನ ಬಾಯಿಗೆ ಹೋಗುವ ಮಣ್ಣನ್ನು ಇವು ನಿಜವಾಗಿಯೂ ಕಡಿಮೆ ಮಾಡುತ್ತವೆ. ಎದೆಹಾಲು ನಿಲ್ಲಿಸಬೇಕೇ ಎಂದು ತಾಯಂದಿರು ಗಾಬರಿಯಿಂದ ಕೇಳುತ್ತಾರೆ. ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ವೈದ್ಯರು ನಿರ್ದಿಷ್ಟವಾಗಿ ಹೇಳದ ಹೊರತು ಮುಂದುವರಿಸಿ.

ಹಿತ್ತಲಿನ ತರಕಾರಿ, ಹೊಳೆಯ ಮೀನು ತಿನ್ನಬಹುದೇ?

ನೆರೆನೀರು ತಾಗಿದ ಸೊಪ್ಪು, ಗೆಡ್ಡೆ ಎರಡನ್ನೂ ಬಿಡಿ. ಮಣ್ಣಿನ ಪರೀಕ್ಷೆಯಾಗುವವರೆಗೆ ಹೊರಗಿನ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ಬೆಳೆಯಿರಿ. ಕ್ಯಾಡ್ಮಿಯಂ ಎಲೆಗಳಿಗೆ ಸುಲಭವಾಗಿ ಏರುತ್ತದೆ. ಸೀಸದ ತೊಂದರೆ ಬಹುಪಾಲು ತರಕಾರಿಗೆ ಅಂಟಿದ ಮಣ್ಣಿನದು, ಹಾಗಾಗಿ ನೆಲದಿಂದ ಮೇಲೆ ಬಿಡುವ ಬದನೆ, ಟೊಮೆಟೊದಂಥ ಕಾಯಿಗಳಲ್ಲಿ ಅಪಾಯ ಕಡಿಮೆ.

ಮೀನಿನ ಮಾತು ಬೇರೆ. ಮನುಷ್ಯನಿಗೆ ತಲುಪುವ ಡಯಾಕ್ಸಿನ್‌ನಲ್ಲಿ ಶೇ 90ಕ್ಕಿಂತ ಹೆಚ್ಚು ಆಹಾರದ ಮೂಲಕವೇ ಬರುತ್ತದೆ, ಮುಖ್ಯವಾಗಿ ಮಾಂಸ, ಹಾಲಿನ ಪದಾರ್ಥ, ಮೀನು, ಚಿಪ್ಪುಜೀವಿಗಳಿಂದ. ದೇಹದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕಡಿಮೆಯಾಗಲು ಬೇಕಾದ ಕಾಲ, 7ರಿಂದ 11 ವರ್ಷ. ಡಯಾಕ್ಸಿನ್, ಪಿಸಿಬಿ ಕೊಬ್ಬಿನಲ್ಲಿ ಸೇರಿರುವುದರಿಂದ ಚರ್ಮ, ಕೊಬ್ಬು ತೆಗೆದರೆ ಸ್ವಲ್ಪ ಕಡಿಮೆಯಾಗುತ್ತವೆ. ಪಾದರಸ ಮಾಂಸಖಂಡದಲ್ಲೇ ಇರುತ್ತದೆ, ಹೇಗೆ ಕತ್ತರಿಸಿದರೂ, ಹೇಗೆ ಬೇಯಿಸಿದರೂ ಹೋಗದು. ಜಾಗದ ಪಕ್ಕದ ಹೊಳೆ, ಅಳಿವೆಯಲ್ಲಿ ಕೆಸರಿನೊಳಗೆ ಬದುಕುವ ಚಿಪ್ಪು, ಏಡಿಗಳನ್ನು ತಿನ್ನಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೀನು ಹಿಡಿದೇ ಬದುಕುವವರಿಗೆ ಈ ಮಾತು ಎಷ್ಟು ಕಠಿಣವೆಂದು ಗೊತ್ತು. ಅದಕ್ಕೇ ಮೀನಿನ ಪರೀಕ್ಷೆಯನ್ನೂ, ಹಿಡಿಯಬಾರದೆಂದಾಗ ಪರಿಹಾರವನ್ನೂ ಒಟ್ಟಿಗೆ ಕೇಳಬೇಕು.

ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ತಿಳಿಯುತ್ತದೆಯೇ?

ಎಲ್ಲ ತಿಳಿಯುವ ಒಂದೇ ಪರೀಕ್ಷೆ ಇಲ್ಲ. ಸೀಸಕ್ಕೆ ರಕ್ತ ಪರೀಕ್ಷೆ ಒಳ್ಳೆಯದು, ಮಕ್ಕಳಿಗೆ ಮಾಡಿಸಿ. ಆರ್ಸೆನಿಕ್ ಅನ್ನು ಮೂತ್ರದಲ್ಲಿ ನೋಡುತ್ತಾರೆ, ಅದೂ ಸೇವಿಸಿದ ಕೆಲವೇ ದಿನಗಳೊಳಗೆ. ಪರೀಕ್ಷೆಗೆ ಮುಂಚಿನ ಮೂರು ನಾಲ್ಕು ದಿನ ಮೀನು, ಸೀಗಡಿ ತಿನ್ನಬಾರದು, ಅವುಗಳಲ್ಲಿ ಸಹಜವಾಗಿರುವ ನಿರುಪದ್ರವಿ ಆರ್ಸೆನಿಕ್ ಲೆಕ್ಕವನ್ನು ಕೆಡಿಸುತ್ತದೆ. ಬೆನ್ಜೀನ್ ದೇಹದಿಂದ ಬೇಗ ಹೊರಹೋಗುವುದರಿಂದ ವಾರಗಳ ನಂತರ ಹುಡುಕಿ ಫಲವಿಲ್ಲ. ಡಯಾಕ್ಸಿನ್ ಪರೀಕ್ಷೆ ದುಬಾರಿ, ಕೆಲವೇ ಪ್ರಯೋಗಾಲಯಗಳು ಮಾಡುತ್ತವೆ. ಜಾಗದಲ್ಲಿ ಯಾವ ರಾಸಾಯನಿಕಗಳಿವೆ ಎಂಬ ಪಟ್ಟಿಯನ್ನು ವೈದ್ಯರ ಕೈಗೆ ಕೊಟ್ಟರೆ ಅವರಿಗೆ ಅರ್ಧ ಕೆಲಸ ಹಗುರ.

"ಮಿತಿಯೊಳಗಿದೆ" ಎಂದು ಅಧಿಕಾರಿಗಳು ಹೇಳಿದರು. ನಂಬಲೇ?

ನಂಬುವ ಮೊದಲು ವರದಿಯನ್ನು ಕೇಳಿ ಪಡೆಯಿರಿ. ಯಾವ ಮಿತಿ, ವಸತಿ ಪ್ರದೇಶದ್ದೋ ಕೈಗಾರಿಕಾ ಪ್ರದೇಶದ್ದೋ? ಎರಡರ ನಡುವೆ ಬಹಳ ಅಂತರವಿರುತ್ತದೆ. ಮಣ್ಣು ತೆಗೆದದ್ದು ಮೇಲ್ಪದರದಿಂದಲೋ ಒಂದು ಮೀಟರ್ ಆಳದಿಂದಲೋ? ನೆರೆಯ ಹೂಳು ಮೇಲಿನ ಒಂದೆರಡು ಸೆಂಟಿಮೀಟರ್‌ನಲ್ಲಿ ಇರುತ್ತದೆ, ಆಳದ ಮಣ್ಣಿನೊಂದಿಗೆ ಬೆರೆಸಿದರೆ ಅಂಕಿ ತಾನಾಗಿಯೇ ತಗ್ಗುತ್ತದೆ. ಹತ್ತು ಕಡೆಯ ಮಣ್ಣನ್ನು ಕಲಸಿ ಒಂದೇ ಮಾದರಿ ಮಾಡಿದ್ದರೂ ಅಷ್ಟೇ, ಕೆಟ್ಟ ಜಾಗವೊಂದು ಸರಾಸರಿಯೊಳಗೆ ಅಡಗಿಹೋಗುತ್ತದೆ. ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ ಆ ಯಂತ್ರ ಎಷ್ಟು ಸಣ್ಣ ಪ್ರಮಾಣವನ್ನು ಪತ್ತೆ ಮಾಡಬಲ್ಲದು ಎಂದು ನೋಡಿ. ಪತ್ತೆಮಿತಿಯೇ ಸುರಕ್ಷತಾ ಮಿತಿಗಿಂತ ಮೇಲಿದ್ದರೆ ಆ ಪರೀಕ್ಷೆಯಿಂದ ಏನೂ ತಿಳಿದಂತಾಗಲಿಲ್ಲ. ಹೀಗೆ ಕೇಳುವುದು ಅವಿಶ್ವಾಸದ ಮಾತಲ್ಲ, ಒಳ್ಳೆಯ ಅಧಿಕಾರಿಗಳು ಇಂಥ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತಾರೆ.

ನಮ್ಮ ಬೀದಿಯಲ್ಲಿ ಹಲವರಿಗೆ ಕ್ಯಾನ್ಸರ್. ಈ ಜಾಗವೇ ಕಾರಣವೇ?

ಆಗಿರಬಹುದು, ಆದರೆ ಒಂದು ಬೀದಿಯ ಲೆಕ್ಕದಿಂದ ಸಾಬೀತು ಮಾಡುವುದು ತುಂಬಾ ಕಷ್ಟ. ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ, ಸೋಂಕಿಗೂ ರೋಗಕ್ಕೂ ನಡುವೆ ಇರುವಂತೆ ಇಲ್ಲಿ ದಿನಗಳ ಅಂತರವಲ್ಲ, ವರ್ಷಗಳದ್ದು, ಹಲವೊಮ್ಮೆ ದಶಕಗಳದ್ದು. ಅಷ್ಟರಲ್ಲಿ ಜನ ಮನೆ ಬದಲಿಸಿರುತ್ತಾರೆ. ಹಾಗೆಂದು ಬರೆದಿಡುವುದನ್ನು ಬಿಡಬೇಡಿ. ಲವ್ ಕೆನಾಲ್‌ನಲ್ಲಿ ಗೃಹಿಣಿ ಲೋಯಿಸ್ ಗಿಬ್ಸ್ ನೆರೆಹೊರೆಯವರ ಜೊತೆ ಮನೆಮನೆಗೆ ಹೋಗಿ ಕಾಯಿಲೆಗಳನ್ನು ಬರೆದುಕೊಂಡರು, ನಕ್ಷೆಯ ಮೇಲೆ ಗುರುತಿಸಿದರು. ಹಿಂದೆ ಅಲ್ಲಿ ಹರಿಯುತ್ತಿದ್ದು ಆಮೇಲೆ ಮಣ್ಣು ತುಂಬಿ ಮುಚ್ಚಿದ ತೋಡುಗಳ ಉದ್ದಕ್ಕೂ ಗುರುತುಗಳು ಹೆಚ್ಚಿದ್ದವು. ಆ ಹೋರಾಟದ ಒತ್ತಡವೂ ಸೇರಿ 1980ರಲ್ಲಿ ಸೂಪರ್‌ಫಂಡ್ ಕಾನೂನು ಬಂತು, ಮಾಲಿನ್ಯ ಮಾಡಿದವರೇ ಶುದ್ಧೀಕರಣದ ವೆಚ್ಚ ಹೊರಬೇಕೆಂಬ ಹೊಣೆ ಅದರ ತಿರುಳು. ನೀವು ಬರೆದಿಡುವಾಗ ಹೆಸರುಗಳನ್ನು ಗುಟ್ಟಾಗಿಡಿ, ರೋಗ ಪತ್ತೆಯಾದ ವರ್ಷ, ಅಲ್ಲಿ ವಾಸವಿದ್ದ ವರ್ಷಗಳು, ಕುಡಿದ ನೀರಿನ ಮೂಲ ಇಷ್ಟನ್ನು ತಪ್ಪದೆ ಬರೆಯಿರಿ.

ಹಾಗಾದರೆ ಈ ಮನೆ ಬಿಟ್ಟು ಹೋಗಬೇಕೇ?

ಬೇರೆಯವರ ಪರವಾಗಿ ಇದಕ್ಕೆ ಉತ್ತರ ಹೇಳುವ ಹಕ್ಕು ನನಗಿಲ್ಲ. ಸಾಲ, ಕೆಲಸ, ಮಕ್ಕಳ ಶಾಲೆ, ವಯಸ್ಸಾದವರು, ಎಲ್ಲವೂ ಅದರಲ್ಲಿ ಸೇರಿದೆ. ಇಂಥ ಜಾಗಗಳ ಪಕ್ಕ ಬಾಡಿಗೆ ಅಗ್ಗವೆಂದೇ ಜನ ಬಂದಿರುತ್ತಾರೆ, ಅವರನ್ನೇ "ಯಾಕೆ ಇದ್ದೀರಿ" ಎಂದು ಕೇಳುವುದು ಅನ್ಯಾಯ. ಒಂದು ಮಾತ್ರ ಹೇಳಬಲ್ಲೆ: ನೆಲಮಾಳಿಗೆಯ ಗಾಳಿಯಲ್ಲಿ ರಾಸಾಯನಿಕ ಪತ್ತೆಯಾಗಿದ್ದು ಸರಿಪಡಿಸದಿದ್ದರೆ, ಅಥವಾ ಮಗುವಿನ ರಕ್ತದಲ್ಲಿ ಸೀಸ ಏರುತ್ತಲೇ ಇದ್ದರೆ, ಮೂಲ ಸಿಗುವವರೆಗಾದರೂ ಮಗುವನ್ನು ಬೇರೆಡೆ ಇರಿಸಿ. ಹೊಸದಾಗಿ ಮನೆ ಕೊಳ್ಳುವವರು ಹಳೆಯ ನಕ್ಷೆಗಳಲ್ಲಿ ಆ ನಿವೇಶನದಲ್ಲಿ ಮೊದಲು ಏನಿತ್ತೆಂದು ನೋಡಿ. ಮನೆ ವಿಮೆಗಳಲ್ಲಿ ಬಹುಪಾಲು ಮಾಲಿನ್ಯದ ಹಾನಿಯನ್ನು ಹೊರಗಿಟ್ಟಿರುತ್ತವೆ, ಸಹಿ ಮಾಡುವ ಮುನ್ನ ಆ ಷರತ್ತನ್ನು ಓದಿ.

ಶುದ್ಧೀಕರಣ ಯೋಜನೆಯ ಬಗ್ಗೆ ಸಾರ್ವಜನಿಕ ಸಭೆ ಕರೆದಿದ್ದಾರೆ. ಏನು ಕೇಳಬೇಕು?

ಯೋಜನೆಯಲ್ಲಿ ಎಷ್ಟು ದೊಡ್ಡ ನೆರೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬುದೇ ಮೊದಲ ಪ್ರಶ್ನೆಯಾಗಲಿ. ಹಳೆಯ ಮಳೆಯ ದಾಖಲೆಗಳನ್ನಷ್ಟೇ ನೋಡಿದ್ದರೆ ಸಾಲದು. ಹಾರ್ವೆಯಲ್ಲಿ ಟೆಕ್ಸಸ್‌ನ ಒಂದು ಕಡೆ ಸುಮಾರು 1,539 ಮಿಲಿಮೀಟರ್ ಮಳೆ ಸುರಿಯಿತು, ಮುಖ್ಯಭೂಮಿಯ ಅಮೆರಿಕದಲ್ಲಿ ಒಂದು ಚಂಡಮಾರುತದಿಂದ ಅಷ್ಟು ಮಳೆ ಅದಕ್ಕೆ ಮೊದಲು ದಾಖಲಾಗಿರಲಿಲ್ಲ. ಮುಂದಿನ ಐವತ್ತು ವರ್ಷದ ಸಮುದ್ರಮಟ್ಟ ಏರಿಕೆಯನ್ನು ಸೇರಿಸಿದ್ದಾರೆಯೇ? ತ್ಯಾಜ್ಯವನ್ನು ಅಲ್ಲೇ ಮುಚ್ಚಿಡುವುದಾದರೆ ಯಾಕೆ, ತೆಗೆದು ಸಾಗಿಸುವುದಾದರೆ ಯಾವ ಊರಿಗೆ, ಆ ಊರಿನವರನ್ನು ಕೇಳಿದ್ದಾರೆಯೇ? ಅಗೆಯುವಾಗ ಧೂಳನ್ನು ಹೇಗೆ ತಡೆಯುತ್ತಾರೆ, ಗಾಳಿಯ ಅಳತೆಯನ್ನು ನಿವಾಸಿಗಳಿಗೆ ಅದೇ ದಿನ ತಿಳಿಸುತ್ತಾರೆಯೇ? ಕೆಲಸದ ನಡುವೆ ನೆರೆ ಬಂದರೆ ತೆರೆದ ಗುಂಡಿಯನ್ನು ಎಷ್ಟು ಗಂಟೆಯೊಳಗೆ ಮುಚ್ಚಬಲ್ಲರು? ವಿದ್ಯುತ್ ಹೋದರೆ ಪಂಪ್‌ಗಳಿಗೆ ಬದಲಿ ವ್ಯವಸ್ಥೆ ನೆರೆಮಟ್ಟಕ್ಕಿಂತ ಎತ್ತರದಲ್ಲಿದೆಯೇ? ಪ್ರತಿ ನೆರೆಯ ನಂತರ ಎಷ್ಟು ದಿನದೊಳಗೆ ಸುತ್ತಲಿನ ಅಂಗಳಗಳ ಮಣ್ಣು ಪರೀಕ್ಷಿಸುತ್ತಾರೆ? ಹೊದಿಕೆಯ ನಿರ್ವಹಣೆಗೆ ಎಷ್ಟು ಹಣ, ಎಷ್ಟು ವರ್ಷಕ್ಕೆ, ಯಾರ ಹೆಸರಿನಲ್ಲಿ ತೆಗೆದಿಟ್ಟಿದ್ದಾರೆ, ಆ ಕಂಪನಿ ದಿವಾಳಿಯಾದರೆ ಹೊಣೆ ಯಾರದು? ಇಷ್ಟೂ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ.